ಸುಬರಶಿಕಿ ನಿಚಿಯೊಬಿ

ಸುಬರಶಿಕಿ ನಿಚಿಯೊಬಿ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನ ಟೋಕಿಯೊ ನಗರದಲ್ಲಿ, ಇಬ್ಬರ ಬಳಿಯೂ ಸೇರಿ 35 ಯೆನ್ ಮಾತ್ರ ಇರುವ ಯುವ ಪ್ರೇಮಿಗಳು ಒಂದು ಭಾನುವಾರವನ್ನು ಕಳೆಯುವ ಬಗೆಯನ್ನು ನಿರೂಪಿಸುವ ಜಪಾನೀ ಕಪ್ಪು-ಬಿಳುಪು ಕಥಾಚಿತ್ರ (1947). ನಿರ್ದೇಶಕ ಅಕಿರಾ ಕುರೊಸಾವಾ (1910-98). ಶೀರ್ಷಿಕೆಯ ಅರ್ಥ ‘ಸೊಗಸಾದ ಭಾನುವಾರ’. ಜಪಾನಿನ ಹೊರಗೆ ಇದು ‘ಒನ್ ವಂಡರ್‌ಫುಲ್ ಸಂಡೇ’ ಎಂಬ ಹೆಸರಿನಿಂದ ಪರಿಚಿತ. ತೋಹೊ ಸಂಸ್ಥೆ ನಿರ್ಮಿಸಿದ ಈ ಚಿತ್ರದ ಅವಧಿ ಸುಮಾರು 108 ನಿಮಿಷ. ಯುದ್ಧಾನಂತರದ ಬಡತನದ ದಾಖಲೆಯಾಗಿ, ಕುರೊಸಾವಾ ನಿರ್ದೇಶಿಸಿದ ಕೆಲವೇ ಪ್ರೇಮಕಥೆಗಳಲ್ಲಿ ಒಂದಾಗಿ, ಕಥಾನಾಯಕಿ ತೆರೆಯಿಂದಲೇ ಪ್ರೇಕ್ಷಕರ ಚಪ್ಪಾಳೆ ಬೇಡುವ ಪ್ರಯೋಗಕ್ಕಾಗಿ ಇದು ಚಲನಚಿತ್ರ ಚರಿತ್ರೆಯಲ್ಲಿ ಗುರುತಿಸಲ್ಪಟ್ಟಿದೆ.

ಚಾರಿತ್ರಿಕ ಹಿನ್ನೆಲೆ

ಜಪಾನ್ 1945ರ ಆಗಸ್ಟ್ 15ರಂದು ಶರಣಾಗತಿಯನ್ನು ಘೋಷಿಸಿತು. ಅದಕ್ಕೆ ಮೊದಲೇ, ಆ ವರ್ಷದ ಮಾರ್ಚ್ 9-10ರ ರಾತ್ರಿಯ ಬೆಂಕಿಬಾಂಬ್ ದಾಳಿಯಲ್ಲಿ ಟೋಕಿಯೊದ ಪೂರ್ವಭಾಗ ಸುಟ್ಟು ಹೋಗಿತ್ತು. ಸುಮಾರು ಒಂದು ಲಕ್ಷ ಜನ ಸತ್ತರೆಂದೂ ಹತ್ತು ಲಕ್ಷದಷ್ಟು ಜನ ಮನೆ ಕಳೆದುಕೊಂಡರೆಂದೂ ಅಂದಾಜಿದೆ. ಯುದ್ಧ ಮುಗಿದ ಮೇಲೆ ಸಾಗರೋತ್ತರ ನೆಲೆಗಳಿಂದ ಸೈನಿಕರೂ ವಲಸಿಗರೂ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಿಂದಿರುಗಿದುದರಿಂದ ವಸತಿ, ಉದ್ಯೋಗ, ಆಹಾರ ಮೂರಕ್ಕೂ ಅಭಾವ ತಲೆದೋರಿತು.

ಪಡಿತರದ ಅಕ್ಕಿ ಹೊಟ್ಟೆ ತುಂಬಿಸುವಷ್ಟು ಇರಲಿಲ್ಲ. ‘ಯಾಮಿ-ಇಚಿ’ ಎಂದು ಕರೆಯಲಾಗುತ್ತಿದ್ದ ಕಾಳಸಂತೆಗಳು ಶಿಂಜುಕು, ಉಯೆನೊ, ಶಿಂಬಾಶಿ ಮೊದಲಾದ ರೈಲು ನಿಲ್ದಾಣಗಳ ಸುತ್ತ ತಲೆಯೆತ್ತಿದವು. ಹಣದುಬ್ಬರವನ್ನು ತಡೆಯಲು ಸರ್ಕಾರ 1946ರ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿಗಳನ್ನು ಸ್ತಂಭನಗೊಳಿಸಿ ಹೊಸ ಯೆನ್ ನೋಟುಗಳನ್ನು ಚಲಾವಣೆಗೆ ತಂದರೂ ಬೆಲೆಗಳು ಏರುತ್ತಲೇ ಹೋದವು. ಕಾಳಸಂತೆಯ ಆಹಾರವನ್ನು ಮುಟ್ಟುವುದಿಲ್ಲವೆಂದು ಹಠ ಹಿಡಿದ ಟೋಕಿಯೊದ ನ್ಯಾಯಾಧೀಶ ಯೋಶಿತಾದ ಯಾಮಾಗುಚಿ 1947ರ ಅಕ್ಟೋಬರಿನಲ್ಲಿ ಅರೆಹೊಟ್ಟೆಯಿಂದಲೇ ತೀರಿಕೊಂಡುದು ಆ ಕಾಲದ ಪರಿಸ್ಥಿತಿಗೆ ನಿದರ್ಶನವಾಗಿ ದಾಖಲಾಗಿದೆ. 1948ರ ಸರ್ಕಾರಿ ಗಣತಿಯಲ್ಲಿ ದೇಶದಾದ್ಯಂತ 1,23,000ಕ್ಕೂ ಹೆಚ್ಚು ಅನಾಥ ಮಕ್ಕಳಿದ್ದರು. ಚಿತ್ರದಲ್ಲಿ ಬರುವ ಬಾಡಿಗೆ ಕೋಣೆಯ ಅಭಾವ, ಕಾಳಸಂತೆಯ ಹಣದಿಂದ ಕೊಬ್ಬಿದ ನೃತ್ಯಶಾಲೆ, ಬೀದಿಪಾಲಾದ ಹುಡುಗ, ಹೆಚ್ಚಿನ ಬೆಲೆಗೆ ಮಾರಾಟವಾಗುವ ಟಿಕೆಟು ಇವೆಲ್ಲ ಈ ಪರಿಸ್ಥಿತಿಯಿಂದ ನೇರವಾಗಿ ಎತ್ತಿಕೊಂಡ ವಿವರಗಳು.

ನಗರದ ವಿಹಾರತಾಣಗಳೂ ಯುದ್ಧದ ಪೆಟ್ಟು ತಿಂದಿದ್ದವು. ಟೋಕಿಯೊದ ಉಯೆನೊ ಮೃಗಾಲಯದ ಆನೆಗಳನ್ನೂ ಇತರ ದೊಡ್ಡ ಪ್ರಾಣಿಗಳನ್ನೂ, ವಾಯುದಾಳಿಯಲ್ಲಿ ತಪ್ಪಿಸಿಕೊಂಡಾವೆಂಬ ಕಾರಣ ನೀಡಿ, 1943ರಲ್ಲಿ ಕೊಲ್ಲಲಾಗಿತ್ತು. ಅಲ್ಲಿಗೆ ಮತ್ತೆ ಆನೆ ಬಂದುದು 1949ರಲ್ಲಿ. ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಜಪಾನಿನ ಮಕ್ಕಳಿಗೆಂದು ಕಳುಹಿಸಿದ ‘ಇಂದಿರಾ’ ಎಂಬ ಆ ಹೆಣ್ಣಾನೆ ಮೈಸೂರಿನದು. ಅದಕ್ಕೆ ತಿಳಿಯುತ್ತಿದ್ದುದು ಕನ್ನಡದ ಆಜ್ಞೆಗಳು ಮಾತ್ರವಾದ್ದರಿಂದ ಜಪಾನೀ ಪಾಲಕರು ಜೊತೆಯಲ್ಲಿ ಬಂದ ಮಾವುತರಿಂದ ಆ ಮಾತುಗಳನ್ನು ಕಲಿಯಬೇಕಾಯಿತು. ಚಿತ್ರದ ಪ್ರೇಮಿಗಳು ಮೃಗಾಲಯಕ್ಕೆ ಹೋಗುವುದು ಇದಕ್ಕೆ ಎರಡು ವರ್ಷ ಮೊದಲಿನ ಟೋಕಿಯೊದಲ್ಲಿ.

ಜಪಾನ್ 1945ರಿಂದ 1952ರ ಏಪ್ರಿಲ್‌ವರೆಗೆ ಮಿತ್ರರಾಷ್ಟ್ರಗಳ ಆಡಳಿತದಲ್ಲಿತ್ತು. ಚಿತ್ರಕಥೆಗಳನ್ನೂ ಮುಗಿದ ಚಿತ್ರಗಳನ್ನೂ ಈ ಆಡಳಿತದ ವಿಭಾಗಗಳು ಪರಿಶೀಲಿಸುತ್ತಿದ್ದವು. ಸಾಮಂತಶಾಹಿ ಮತ್ತು ಯುದ್ಧೋತ್ಸಾಹದ ಕಥೆಗಳಿಗೆ ನಿರ್ಬಂಧವಿತ್ತು. ಪ್ರಜಾಪ್ರಭುತ್ವ, ಸ್ತ್ರೀಸಮಾನತೆ, ಗಂಡು-ಹೆಣ್ಣುಗಳ ಮುಕ್ತ ಪ್ರೇಮಗಳಿಗೆ ಪ್ರೋತ್ಸಾಹವಿತ್ತು. ಆಡಳಿತ ನಡೆಸುತ್ತಿದ್ದ ವಿದೇಶೀ ಸೇನೆಯನ್ನು ತೆರೆಯ ಮೇಲೆ ತೋರಿಸುವಂತಿರಲಿಲ್ಲ. ಹೀಗಾಗಿ ಟೋಕಿಯೊದ ಬೀದಿಗಳಲ್ಲೇ ನಡೆಯುವ ಈ ಚಿತ್ರದ ಕಥೆಯಲ್ಲಿ ಅಮೆರಿಕನ್ ಸೈನಿಕರಿಗೆ ಜಾಗವಿಲ್ಲ.

ಮೂಲ ಮತ್ತು ಚಿತ್ರಕಥೆ

ತೋಹೊ ಸಂಸ್ಥೆಯಲ್ಲಿ 1946ರ ಮಾರ್ಚ್ ಮತ್ತು ಅಕ್ಟೋಬರಿನಲ್ಲಿ ಕಾರ್ಮಿಕ ಮುಷ್ಕರಗಳು ನಡೆದವು. ಎರಡನೆಯ ಮುಷ್ಕರದ ವೇಳೆ ಸೆತ್ಸುಕೊ ಹಾರಾ, ಹಿದೆಕೊ ತಾಕಾಮಿನೆ, ಇಸುಜು ಯಾಮಾದಾ, ಸುಸುಮು ಫುಜಿತಾ, ಕಾಜುವೊ ಹಸೆಗಾವಾ, ದೆಂಜಿರೊ ಒಕೊಚಿ ಸೇರಿದಂತೆ ಹತ್ತು ಮಂದಿ ಪ್ರಮುಖ ತಾರೆಯರು ಸಂಸ್ಥೆಯನ್ನು ತೊರೆದರು. ಅವರನ್ನು ಮುಂದಿಟ್ಟುಕೊಂಡು 1947ರಲ್ಲಿ ಶಿನ್‌ತೋಹೊ ಎಂಬ ಬೇರೆ ಸಂಸ್ಥೆ ಹುಟ್ಟಿತು. ತಾರೆಯರಿಲ್ಲದ ತೋಹೊದಲ್ಲಿ ಉಳಿದ ನಿರ್ದೇಶಕರೂ ಬರಹಗಾರರೂ ಇಜು ಪರ್ಯಾಯದ್ವೀಪದ ವಸತಿಗೃಹವೊಂದರಲ್ಲಿ ಸೇರಿ ಮುಂದಿನ ಚಿತ್ರಗಳನ್ನು ಯೋಜಿಸಿದರು. ಕುರೊಸಾವಾ ಬರೆದು ಸೆಂಕಿಚಿ ತಾನಿಗುಚಿ ನಿರ್ದೇಶಿಸಿದ ‘ಸ್ನೋ ಟ್ರೇಲ್’, ನಾಲ್ವರು ನಿರ್ದೇಶಕರ ‘ಫೋರ್ ಲವ್ ಸ್ಟೋರೀಸ್’ ಮತ್ತು ಪ್ರಸ್ತುತ ಚಿತ್ರ ಈ ಯೋಜನೆಯ ಫಲಗಳು. ಮೂರೂ ತೆರೆ ಕಂಡದ್ದು 1947ರಲ್ಲಿ.

ಕಥೆಯ ಬೀಜ ಅಮೆರಿಕದ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್‌ನ ಮೂಕಿ ಚಿತ್ರ ‘ಈಸಂಟ್ ಲೈಫ್ ವಂಡರ್‌ಫುಲ್’ (1924). ಮೊದಲನೆಯ ಮಹಾಯುದ್ಧದಲ್ಲಿ ಸೋತು ಹಣದುಬ್ಬರದಿಂದ ತತ್ತರಿಸಿದ ಜರ್ಮನಿಯಲ್ಲಿ ಯುವ ಜೋಡಿಯೊಂದು ಆಲೂಗಡ್ಡೆ ಬೆಳೆದು ಮದುವೆಯ ಕನಸು ಕಾಣುವುದು, ಬೆಳೆ ಕಳವಾದ ಮೇಲೂ ಒಬ್ಬರಿಗೊಬ್ಬರು ಉಳಿದಿದ್ದೇವೆಂದು ಸಮಾಧಾನ ತಾಳುವುದು ಅದರ ವಸ್ತು. ಸೋತ ದೇಶದ ಬಡ ಪ್ರೇಮಿಗಳ ಈ ಕಲ್ಪನೆಯನ್ನು ಕುರೊಸಾವಾ 1947ರ ಟೋಕಿಯೊಗೆ ಒಗ್ಗಿಸಿದ.

ಚಿತ್ರಕಥೆಯನ್ನು ಬರೆದವ ಕೆಯಿನೊಸುಕೆ ಉಯೆಕುಸಾ. ಈತ ಕುರೊಸಾವಾನ ಬಾಲ್ಯದ ಗೆಳೆಯ. ಇಬ್ಬರೂ ಟೋಕಿಯೊದ ಕುರೊದಾ ಪ್ರಾಥಮಿಕ ಶಾಲೆಯಲ್ಲಿ ತಾಚಿಕಾವಾ ಎಂಬ ಉಪಾಧ್ಯಾಯರ ಕೈಯಲ್ಲಿ ಕಲಿತವರು. ವೃತ್ತಿಜೀವನದಲ್ಲಿ ಇಬ್ಬರೂ ಜೊತೆಯಾಗಿ ಕೆಲಸ ಮಾಡಿದ ಮೊದಲ ಚಿತ್ರ ಇದು. ಇದರ ಮುಂದಿನ ವರ್ಷ ‘ಡ್ರಂಕನ್ ಏಂಜೆಲ್’ ಚಿತ್ರಕಥೆಯನ್ನೂ ಇಬ್ಬರೂ ಸೇರಿ ಬರೆದರು.

ಚಿತ್ರದ ಮುಕ್ತಾಯದ ವಿಷಯದಲ್ಲಿ ಲೇಖಕ ಮತ್ತು ನಿರ್ದೇಶಕರ ನಡುವೆ ವ್ಯತ್ಯಾಸವಿತ್ತು. ಉಯೆಕುಸಾ ಬರೆದಂತೆ, ಖಾಲಿಯೆಂದು ಕಾಣುವ ಬಯಲು ಸಂಗೀತರಂಗದಲ್ಲಿ ನಾಯಕಿ ಚಪ್ಪಾಳೆ ತಟ್ಟಿದಾಗ ಕತ್ತಲೆಯಲ್ಲಿ ಅಲ್ಲಲ್ಲಿ ಕುಳಿತ ಇತರ ಬಡ ಪ್ರೇಮಿಗಳೂ ಚಪ್ಪಾಳೆ ತಟ್ಟಬೇಕಾಗಿತ್ತು. ಕುರೊಸಾವಾ ಅದನ್ನು ಬದಲಿಸಿ, ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕರನ್ನೇ ಆ ಜಾಗದಲ್ಲಿ ನಿಲ್ಲಿಸಿದ.

ನಿರ್ಮಾಣ

ನಿರ್ಮಾಪಕ ಸೊಜಿರೊ ಮೊತೊಕಿ. ಈತ ಮುಂದೆ ‘ಇಕಿರು’ (1952), ‘ಸೆವೆನ್ ಸಮುರಾಯ್’ (1954) ಚಿತ್ರಗಳನ್ನೂ ನಿರ್ಮಿಸಿದ. ಛಾಯಾಗ್ರಾಹಕ ಅಸಾಕಾಜು ನಾಕಾಯ್, ಸಂಗೀತ ನಿರ್ದೇಶಕ ತಾದಾಶಿ ಹತ್ತೋರಿ. ಇಬ್ಬರೂ ಕುರೊಸಾವಾನ ಹಿಂದಿನ ಚಿತ್ರ ‘ನೋ ರಿಗ್ರೆಟ್ಸ್ ಫಾರ್ ಅವರ್ ಯೂತ್’ (1946)ನಲ್ಲಿ ದುಡಿದವರು.

ತಾರೆಯರ ಕೊರತೆಯಿಂದಾಗಿ ಮುಖ್ಯಪಾತ್ರಗಳಿಗೆ ಅಷ್ಟಾಗಿ ಹೆಸರಾಗದಿದ್ದ ಇಸಾವೊ ನುಮಾಸಾಕಿ ಮತ್ತು ಚಿಯೆಕೊ ನಾಕಾಕಿತಾ ಅವರನ್ನು ಆರಿಸಲಾಯಿತು. ಜನರಿಗೆ ಪರಿಚಯವಿಲ್ಲದ ಮುಖಗಳು ಕಥೆಗೂ ಒಪ್ಪಿದವು. ಬೀದಿಯಲ್ಲಿ ಸಾವಿರಾರು ಜನರ ನಡುವೆ ಕಾಣಸಿಗಬಹುದಾದ ಒಂದು ಜೋಡಿ ಎಂಬ ಭಾವನೆ ಹುಟ್ಟಲು ಇದು ನೆರವಾಯಿತು.

ಚಿತ್ರದ ಕೆಲವು ಭಾಗಗಳನ್ನು ಟೋಕಿಯೊದ ಬೀದಿ ಮತ್ತು ನಿಲ್ದಾಣಗಳಲ್ಲಿ ಗುಪ್ತ ಕ್ಯಾಮೆರಾದಿಂದ ಚಿತ್ರಿಸಲಾಯಿತು. ಪೆಟ್ಟಿಗೆಯೊಂದರಲ್ಲಿ ಕ್ಯಾಮೆರಾ ಇಟ್ಟು, ಮಸೂರದಷ್ಟು ಜಾಗ ಮಾತ್ರ ತೆರೆದು, ಸುತ್ತ ಬಟ್ಟೆ ಕಟ್ಟಿ, ಪ್ರಯಾಣಿಕರ ಗಂಟಿನಂತೆ ಅದನ್ನು ಹೊತ್ತೊಯ್ಯಲಾಗುತ್ತಿತ್ತು. ಶಿಂಜುಕು ನಿಲ್ದಾಣದಲ್ಲಿ ನಡೆದ ಇಂಥ ಒಂದು ಚಿತ್ರೀಕರಣದಲ್ಲಿ, ರೈಲಿನಿಂದ ಇಳಿದ ನಾಯಕಿ ಉಡುಪಿನಲ್ಲೂ ನಡಿಗೆಯಲ್ಲೂ ಸುತ್ತಲಿನವರಿಗಿಂತ ಬೇರೆಯಾಗಿ ಕಾಣದೆ ಜನಜಂಗುಳಿಯಲ್ಲಿ ಕರಗಿಹೋದುದರಿಂದ ಚಿತ್ರತಂಡಕ್ಕೇ ಆಕೆಯನ್ನು ಗುರುತಿಸಲಾಗಲಿಲ್ಲವೆಂದು ಕುರೊಸಾವಾ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಉಳಿದ ದೃಶ್ಯಗಳು ಸ್ಟುಡಿಯೋದ ಸೆಟ್ಟುಗಳಲ್ಲಿ ತಯಾರಾದವು. ಹೊರಾಂಗಣದ ವಾಸ್ತವತೆ ಮತ್ತು ಸೆಟ್ಟಿನ ನಿಯಂತ್ರಿತ ಬೆಳಕು ಎರಡೂ ಚಿತ್ರದಲ್ಲಿ ಅಕ್ಕಪಕ್ಕದಲ್ಲಿವೆ.

ಕಥಾವಸ್ತು

ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಯುಜೊ ನಿಲ್ದಾಣದಲ್ಲಿ ಮಾಸಾಕೊಗಾಗಿ ಕಾಯುತ್ತಿದ್ದಾನೆ. ಯುದ್ಧದಿಂದ ಹಿಂದಿರುಗಿದ ಈತ ಅಲ್ಪ ಸಂಬಳದ ನೌಕರ. ಸ್ನೇಹಿತನೊಬ್ಬನ ಕೋಣೆಯನ್ನು ಹಂಚಿಕೊಂಡಿದ್ದಾನೆ. ಮಾಸಾಕೊ ಬಂಧುಗಳ ತುಂಬಿದ ಮನೆಯಲ್ಲಿ ವಾಸವಾಗಿದ್ದಾಳೆ. ಮದುವೆಯಾಗುವ ಆಸೆ ಇಬ್ಬರಿಗೂ ಇದೆ, ಆದರೆ ಜೊತೆಗಿರಲು ಒಂದು ಕೋಣೆಯೂ ಇಲ್ಲ. ವಾರಕ್ಕೊಮ್ಮೆ ಭೇಟಿಯಾಗುವುದಷ್ಟೇ ಸಾಧ್ಯ. ನೆಲದ ಮೇಲೆ ಬಿದ್ದ ಸಿಗರೇಟಿನ ತುಂಡನ್ನು ಯುಜೊ ಎತ್ತಿಕೊಳ್ಳುತ್ತಾನೆ. ಆಗಲೇ ಬಂದ ಮಾಸಾಕೊ ಅದನ್ನು ಅವನ ಕೈಯಿಂದ ಹೊಡೆದು ಬೀಳಿಸುತ್ತಾಳೆ. ಇಬ್ಬರ ಹಣವನ್ನೂ ಕೂಡಿಸಿದರೆ ಆಗುವುದು 35 ಯೆನ್.

ಮೊದಲು ಅವರು ಮಾರಾಟಕ್ಕಿಟ್ಟ ಮಾದರಿ ಮನೆಯೊಂದನ್ನು ನೋಡಿ, ಅದು ತಮ್ಮದಾದಂತೆ ಊಹಿಸಿಕೊಳ್ಳುತ್ತಾರೆ. ಬಾಡಿಗೆಗೆ ಕೋಣೆಯಿದೆಯೆಂದು ತಿಳಿದು ಹೋಗಿ ನೋಡಿದರೆ ಅದೂ ಕೈಗೆಟುಕುವಂತಿಲ್ಲ. ಬೀದಿಯಲ್ಲಿ ಮಕ್ಕಳೊಂದಿಗೆ ಬೇಸ್‌ಬಾಲ್ ಆಡುವಾಗ ಯುಜೊ ಹೊಡೆದ ಚೆಂಡು ಮಂಜು ಎಂಬ ಸಿಹಿ ಕಡುಬು ಮಾರುವ ಅಂಗಡಿಗೆ ಹೋಗಿ ಬೀಳುತ್ತದೆ. ಹಾಳಾದ ಕಡುಬುಗಳಿಗೆ ಹಣ ತೆರಬೇಕಾಗುತ್ತದೆ. ಸೇನೆಯಲ್ಲಿದ್ದಾಗಿನ ಪರಿಚಿತನೊಬ್ಬ ಈಗ ನೃತ್ಯಶಾಲೆಯೊಂದರ ಒಡೆಯನಾಗಿದ್ದಾನೆಂದು ಯುಜೊ ಅವನನ್ನು ಕಾಣಲು ಹೋದರೆ, ಹಣ ಕೀಳಲು ಬಂದವನೆಂದು ತಿಳಿದು ನೌಕರರು ಅವನನ್ನು ಹಿಂದಿನ ಕೋಣೆಯಲ್ಲಿ ಕೂರಿಸುತ್ತಾರೆ. ಅವಮಾನಗೊಂಡ ಅವನು ಗೆಳೆಯನನ್ನು ಕಾಣದೆಯೇ ಹೊರಡುತ್ತಾನೆ. ಮಾಸಾಕೊಗೆ ಒಬ್ಬ ಅನಾಥ ಹುಡುಗ ಎದುರಾಗುತ್ತಾನೆ. ಅವಳ ಬಳಿಯಿರುವ ಅನ್ನದ ಉಂಡೆಗೆ ಹಣ ಕೊಡಲು ಮುಂದಾಗುವ ಆ ಬಾಲಕನ ವರ್ತನೆ ದೊಡ್ಡವರ ಕಾಳಸಂತೆಯ ನಡವಳಿಕೆಯ ಪ್ರತಿರೂಪ.

ಮೃಗಾಲಯದಲ್ಲಿ ಸ್ವಲ್ಪ ಹೊತ್ತು ಕಳೆದ ಮೇಲೆ ಮಳೆ ಬರುತ್ತದೆ. ಶೂಬರ್ಟ್‌ನ ‘ಅಪೂರ್ಣ ಸಿಂಫನಿ’ಯ ಕಛೇರಿ ಇದೆಯೆಂದು ತಿಳಿದು ಇಬ್ಬರೂ ಮಳೆಯಲ್ಲೇ ಓಡುತ್ತಾರೆ. ಅಗ್ಗದ ದರದ ಟಿಕೆಟುಗಳನ್ನೆಲ್ಲ ಅವರ ಕಣ್ಣೆದುರಿಗೇ ಕಾಳಸಂತೆಯವರು ಕೊಂಡು, ಹೆಚ್ಚಿನ ಬೆಲೆಗೆ ಮಾರತೊಡಗುತ್ತಾರೆ. ಪ್ರತಿಭಟಿಸಿದ ಯುಜೊ ಏಟು ತಿನ್ನುತ್ತಾನೆ.

ಸೋರುವ ಕೋಣೆಗೆ ಮರಳಿದ ಮೇಲೆ ಯುಜೊನ ಹತಾಶೆ ಉಲ್ಬಣಿಸುತ್ತದೆ. ತನಗೆ ಉಳಿದಿರುವುದು ಅವಳೊಬ್ಬಳೇ ಎಂದು ಅವನು ಮಾಸಾಕೊಳನ್ನು ಬಲವಂತಪಡಿಸಲು ನೋಡುತ್ತಾನೆ. ಹೆದರಿದ ಅವಳು ಹೊರಟುಹೋಗುತ್ತಾಳೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಿಂದಿರುಗುತ್ತಾಳೆ. ಅಳುತ್ತ ಮಳೆಕೋಟಿನ ಗುಂಡಿ ಬಿಚ್ಚತೊಡಗಿದ ಅವಳನ್ನು ಕಂಡು ಯುಜೊ ನಾಚಿ ಕ್ಷಮೆ ಕೇಳುತ್ತಾನೆ. ಮಳೆ ನಿಲ್ಲುತ್ತದೆ.

ಉಳಿದ ಹಣದಿಂದ ಇಬ್ಬರೂ ಕಾಫಿ ಕುಡಿಯುತ್ತಾರೆ. ಹಾಲು ಸೇರಿಸಿದ ಕಾಫಿಯೆಂದು ಅಂಗಡಿಯವರು ನಿರೀಕ್ಷೆಗಿಂತ ಹೆಚ್ಚು ಬೆಲೆ ಕೇಳುತ್ತಾರೆ. ಕಡಿಮೆ ಬಿದ್ದ ಹಣಕ್ಕೆ ಯುಜೊ ತನ್ನ ಮೇಲಂಗಿಯನ್ನು ಒತ್ತೆಯಿಡುತ್ತಾನೆ. ಹಣ ಪೂರ್ತಿ ಮುಗಿದ ಮೇಲೆ, ಬಾಂಬಿಗೆ ಸಿಕ್ಕಿ ಹಾಳುಬಿದ್ದ ಜಾಗವೊಂದರಲ್ಲಿ ನಿಂತು, ತಾವು ಮುಂದೆ ತೆರೆಯಲಿರುವ ‘ಹಯಸಿಂತ್’ ಎಂಬ ಕಾಫಿ ಅಂಗಡಿಯನ್ನು ಅಭಿನಯಿಸಿ ತೋರಿಸಿಕೊಳ್ಳುತ್ತಾರೆ. ಒಳ್ಳೆಯ ಕಾಫಿಯನ್ನು ಎಲ್ಲರಿಗೂ ಎಟುಕುವ ಬೆಲೆಗೆ ಕೊಡುವುದು ಆ ಅಂಗಡಿಯ ಉದ್ದೇಶ. ಸುತ್ತ ಜನ ಸೇರಿದುದನ್ನು ಕಂಡು ನಾಚಿ ಅಲ್ಲಿಂದ ಓಡುತ್ತಾರೆ. ಬೆಳದಿಂಗಳಲ್ಲಿ ಉಯ್ಯಾಲೆ ಆಡುತ್ತಾರೆ. ಕೊನೆಗೆ ನಿರ್ಜನವಾದ ಬಯಲು ಸಂಗೀತರಂಗಕ್ಕೆ ಬಂದು, ಯುಜೊ ಕಾಣದ ವಾದ್ಯವೃಂದಕ್ಕೆ ನಿರ್ದೇಶನ ನೀಡಲು ವೇದಿಕೆ ಏರುತ್ತಾನೆ. ಗಾಳಿಯ ಸದ್ದಲ್ಲದೆ ಬೇರೇನೂ ಕೇಳಿಸದೆ ಅವನು ಕುಸಿಯುತ್ತಾನೆ. ಮಾಸಾಕೊ ಕ್ಯಾಮೆರಾದತ್ತ ತಿರುಗಿ ಪ್ರೇಕ್ಷಕರನ್ನು ಬೇಡಿಕೊಳ್ಳುತ್ತಾಳೆ. ಯುಜೊ ಮತ್ತೆ ಕೈಯೆತ್ತಿದಾಗ ಸಿಂಫನಿ ಕೇಳಿಬರುತ್ತದೆ.

ರಾತ್ರಿ ನಿಲ್ದಾಣದಲ್ಲಿ ಮುಂದಿನ ಭಾನುವಾರದ ಭೇಟಿಯನ್ನು ಗೊತ್ತುಮಾಡಿಕೊಂಡು ಇಬ್ಬರೂ ಬೀಳ್ಕೊಳ್ಳುತ್ತಾರೆ. ಒಬ್ಬನೇ ಉಳಿದ ಯುಜೊಗೆ ಮತ್ತೊಂದು ಸಿಗರೇಟಿನ ತುಂಡು ಕಾಣುತ್ತದೆ. ಈ ಸಲ ಅವನು ಅದನ್ನು ತುಳಿದು ಹಾಕುತ್ತಾನೆ.

ರಚನೆ

ಚಿತ್ರದ ಕಾಲವ್ಯಾಪ್ತಿ ಬೆಳಗಿನಿಂದ ರಾತ್ರಿಯವರೆಗಿನ ಒಂದೇ ದಿನ. ಘಟನೆಗಳು ಬಿಡಿಬಿಡಿಯಾಗಿದ್ದು, ಅವುಗಳನ್ನು ಒಟ್ಟಿಗೆ ಹಿಡಿದಿಡುವುದು 35 ಯೆನ್‌ನ ಲೆಕ್ಕ. ಕಡುಬು, ಮೃಗಾಲಯ, ಕಾಫಿ ಹೀಗೆ ಪ್ರತಿ ನಿಲುಗಡೆಯಲ್ಲಿ ಹಣ ಕರಗುತ್ತದೆ. ಪಾತ್ರಗಳು ಎಲ್ಲಿಗೆ ಹೋಗಬಹುದು, ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ಉಳಿದ ಮೊತ್ತವೇ ನಿರ್ಧರಿಸುತ್ತದೆ.

ರಚನೆಯನ್ನು ಎರಡು ಭಾಗವಾಗಿ ನೋಡಬಹುದು. ಕೋಣೆಯ ದೃಶ್ಯದವರೆಗಿನ ಮೊದಲ ಭಾಗದಲ್ಲಿ ಪ್ರೇಮಿಗಳು ಹಣ ಕೊಟ್ಟು ಪಡೆಯಬೇಕಾದುದರ ಹಿಂದೆ ಹೋಗಿ ಪ್ರತಿಸಲವೂ ಸೋಲುತ್ತಾರೆ. ಎರಡನೆಯ ಭಾಗದಲ್ಲಿ ಹಣ ಬರಿದಾಗುತ್ತದೆ, ಅಲ್ಲಿಂದ ಮುಂದಿನ ಸಂತೋಷಗಳೆಲ್ಲ ಕಲ್ಪನೆಯಿಂದ ಬಂದವು: ಕಾಫಿ ಅಂಗಡಿ, ಉಯ್ಯಾಲೆ, ವಾದ್ಯವೃಂದ. ಮೊದಲ ಭಾಗದ ಕಛೇರಿ ಎರಡನೆಯ ಭಾಗದಲ್ಲಿ ಟಿಕೆಟಿಲ್ಲದೆ ನಡೆಯುತ್ತದೆ. ಮಾದರಿ ಮನೆಯಲ್ಲಿ ಸೋತ ಊಹೆ ಹಾಳುಬಿದ್ದ ಜಾಗದಲ್ಲಿ ಗೆಲ್ಲುತ್ತದೆ. ಮೊದಲ ದೃಶ್ಯದ ಸಿಗರೇಟಿನ ತುಂಡಿಗೆ ಕೊನೆಯ ದೃಶ್ಯದ್ದು ಉತ್ತರ. ಆರ್ಥಿಕವಾಗಿ ಪ್ರೇಮಿಗಳ ಸ್ಥಿತಿ ದಿನದ ಕೊನೆಯಲ್ಲಿ ಬೆಳಗಿಗಿಂತ ಕೆಟ್ಟಿರುತ್ತದೆ. ಬದಲಾಗಿರುವುದು ಯುಜೊನ ಮನೋಧರ್ಮ ಮಾತ್ರ. ಆದ್ದರಿಂದ ಇದರ ಮುಕ್ತಾಯ ಆಶಾದಾಯಕವಾಗಿದ್ದರೂ ಹಠಾತ್ ಶ್ರೀಮಂತಿಕೆಯಿಂದ ಕಷ್ಟ ಕಳೆಯುವ ಸುಖಾಂತದ ಮಾದರಿಗೆ ಸೇರುವುದಿಲ್ಲ.

ಪಾತ್ರಗಳು ಮತ್ತು ಅಭಿನಯ

ಯುಜೊನ ಪಾತ್ರದಲ್ಲಿ ನುಮಾಸಾಕಿ, ಸ್ವಾಭಿಮಾನಕ್ಕೂ ಕೀಳರಿಮೆಗೂ ನಡುವೆ ತೂಗಾಡುವ ಹಿಂದಿರುಗಿದ ಸೈನಿಕನನ್ನು ಚಿತ್ರಿಸಿದ್ದಾನೆ. ನೃತ್ಯಶಾಲೆಯ ಒಡೆಯ ಇವನಿಗೆ ಎದುರಾಗಿ ಕಲ್ಪಿತನಾದವ. ಒಂದೇ ಯುದ್ಧದಿಂದ ಬಂದ ಇಬ್ಬರಲ್ಲಿ ಒಬ್ಬ ಕಾಳಸಂತೆಯ ದಾರಿ ಹಿಡಿದು ಬೆಳೆದಿದ್ದಾನೆ, ಇನ್ನೊಬ್ಬ ಅದನ್ನು ನಿರಾಕರಿಸಿ ಬಡವನಾಗಿದ್ದಾನೆ. ನುಮಾಸಾಕಿ 1953ರಲ್ಲಿ ತೀರಿಕೊಂಡ.

ಮಾಸಾಕೊಳ ಪಾತ್ರ ವಹಿಸಿದ ನಾಕಾಕಿತಾಗೆ (1926-2005) ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಮಾಸಾಕೊ ಕನಸುಗಾರ್ತಿ, ಜೊತೆಗೆ ದಿನದ ಲೆಕ್ಕ ಇಡುವವಳೂ ಅವಳೇ. ಚಿತ್ರದ ನೈತಿಕ ನಿರ್ಧಾರಗಳು ಬಹುಮಟ್ಟಿಗೆ ಅವಳಿಂದ ಬರುತ್ತವೆ. ಹೆಣ್ಣಿನ ಈ ಸ್ಥಾನ ‘ನೋ ರಿಗ್ರೆಟ್ಸ್ ಫಾರ್ ಅವರ್ ಯೂತ್’ ಚಿತ್ರದ ನಾಯಕಿಯ ಮುಂದುವರಿಕೆ. ಕುರೊಸಾವಾನ ನಂತರದ ಚಿತ್ರಗಳಲ್ಲಿ ಹೆಣ್ಣಿಗೆ ಇಷ್ಟು ಕೇಂದ್ರಸ್ಥಾನ ಸಿಕ್ಕುವುದು ವಿರಳ. ನಾಕಾಕಿತಾ ಮುಂದೆ ‘ಡ್ರಂಕನ್ ಏಂಜೆಲ್’ (1948), ‘ದಿ ಕ್ವೈಯಟ್ ಡ್ಯೂಯಲ್’ (1949) ಚಿತ್ರಗಳಲ್ಲೂ ಮಿಕಿಯೊ ನರುಸೆ ನಿರ್ದೇಶಿಸಿದ ‘ಫ್ಲೋಟಿಂಗ್ ಕ್ಲೌಡ್ಸ್’ (1955) ಮೊದಲಾದ ಚಿತ್ರಗಳಲ್ಲೂ ಅಭಿನಯಿಸಿದಳು.

ಛಾಯಾಗ್ರಹಣ, ಧ್ವನಿ ಮತ್ತು ಸಂಗೀತ

ಹಗಲಿನ ಹೊರಾಂಗಣ ದೃಶ್ಯಗಳು ವೃತ್ತಚಿತ್ರದ ಶೈಲಿಗೆ ಹತ್ತಿರವಾಗಿವೆ. ಕೋಣೆಯ ದೃಶ್ಯದಲ್ಲಿ ದೀರ್ಘ ಮೌನಗಳಿವೆ. ಸೋರುವ ಮಳೆನೀರಿನ ಸದ್ದು ಅಲ್ಲಿ ಸಂಭಾಷಣೆಯ ಸ್ಥಾನವನ್ನು ತುಂಬುತ್ತದೆ. ರಾತ್ರಿಯ ಭಾಗದಲ್ಲಿ ಶೈಲಿ ಬದಲಾಗಿ, ಬೆಳದಿಂಗಳು, ಗಾಳಿಗೆ ಹಾರಾಡುವ ಎಲೆಗಳು, ಉದ್ದನೆಯ ನೆರಳುಗಳು ನಾಟಕೀಯ ಬೆಳಕಿನಲ್ಲಿ ಮೂಡುತ್ತವೆ. ಮಳೆ, ಗಾಳಿ ಮುಂತಾದ ಪ್ರಾಕೃತಿಕ ಶಕ್ತಿಗಳನ್ನು ಪಾತ್ರಗಳ ಮನಃಸ್ಥಿತಿಗೆ ಹೊಂದಿಸುವ, ಮುಂದೆ ಕುರೊಸಾವಾನ ಹೆಗ್ಗುರುತಾದ ವಿಧಾನ ಇಲ್ಲಿ ಸ್ಪಷ್ಟವಾಗಿದೆ.

ಚಿತ್ರದ ಕೇಂದ್ರ ಸಂಗೀತ ಆಸ್ಟ್ರಿಯದ ಫ್ರಾಂಜ್ ಶೂಬರ್ಟ್‌ನ ಬಿ ಮೈನರ್ ಸಿಂಫನಿ. 1822ರಲ್ಲಿ ಆರಂಭವಾದ ಈ ಕೃತಿಯಲ್ಲಿ ಪೂರ್ಣಗೊಂಡಿರುವುದು ಎರಡು ಭಾಗಗಳು ಮಾತ್ರ. ಇದರ ಮೊದಲ ಪ್ರದರ್ಶನ ನಡೆದುದು ಶೂಬರ್ಟ್ ತೀರಿಕೊಂಡ ಬಹುಕಾಲದ ನಂತರ, 1865ರಲ್ಲಿ, ವಿಯೆನ್ನಾದಲ್ಲಿ. ಮದುವೆ, ಮನೆ, ಅಂಗಡಿ ಎಲ್ಲವೂ ಅರ್ಧಕ್ಕೆ ನಿಂತ ಜೋಡಿಯ ಕಥೆಗೆ ಅಪೂರ್ಣವೆಂದೇ ಹೆಸರಾದ ಕೃತಿಯ ಆಯ್ಕೆ ಹೊಂದಿಕೊಳ್ಳುತ್ತದೆ.

ಪ್ರೇಕ್ಷಕರಿಗೆ ಮೊರೆ

ಬಯಲು ರಂಗದ ದೃಶ್ಯದಲ್ಲಿ ಮಾಸಾಕೊ ನೇರವಾಗಿ ಮಸೂರದೊಳಗೆ ನೋಡುತ್ತ, ತಮ್ಮಂತಹ ಬಡ ಪ್ರೇಮಿಗಳು ಎಷ್ಟೋ ಜನರಿದ್ದಾರೆ, ಅವರೆಲ್ಲರೂ ಕನಸು ಕಾಣುವಂತಾಗಲು ಚಪ್ಪಾಳೆ ತಟ್ಟಿ ಎಂಬರ್ಥದಲ್ಲಿ ಪ್ರೇಕ್ಷಕರನ್ನು ಕೋರುತ್ತಾಳೆ. ಚಪ್ಪಾಳೆಗೆಂದೇ ಸಮಯ ಬಿಟ್ಟು ದೃಶ್ಯವನ್ನು ಹೆಣೆಯಲಾಗಿದೆ. ನೋಡುವವರನ್ನು ಕಥೆಯ ಪಾಲುದಾರರನ್ನಾಗಿ ಮಾಡುವುದು ನಿರ್ದೇಶಕನ ಉದ್ದೇಶ. ರಂಗಭೂಮಿಯಲ್ಲಿ ಸಹಜವಾದ ಈ ವಿಧಾನ ಆ ಕಾಲದ ವಾಸ್ತವವಾದೀ ಚಲನಚಿತ್ರದಲ್ಲಿ ಅಪರೂಪವಾಗಿತ್ತು.

ಕುರೊಸಾವಾ ಬರೆದಿರುವಂತೆ ಜಪಾನಿನ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ಸುಮ್ಮನೆ ಕುಳಿತಿದ್ದರು. ಪ್ರಯೋಗ ಅಲ್ಲಿ ಸೋತಿತು. ಆದರೆ ಪ್ಯಾರಿಸಿನ ಪ್ರದರ್ಶನದಲ್ಲಿ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ವಿಮರ್ಶಕರಲ್ಲಿ ಈ ದೃಶ್ಯದ ಬಗ್ಗೆ ಎರಡು ನಿಲುವುಗಳಿವೆ. ಅತಿಭಾವುಕತೆಯಿಂದ ಚಿತ್ರದ ವಾಸ್ತವವಾದಕ್ಕೆ ಭಂಗ ಬಂತೆಂಬುದು ಒಂದು. ಸೋತ ಸಮಾಜವನ್ನು ಒಟ್ಟಾಗಿ ಉತ್ತರಿಸುವಂತೆ ಕರೆಯುವ ಈ ಘಟ್ಟವೇ ಚಿತ್ರದ ತಾತ್ಪರ್ಯವೆಂಬುದು ಇನ್ನೊಂದು.

ಪ್ರಭೇದ ಮತ್ತು ಸಂಬಂಧಿತ ಚಿತ್ರಗಳು

ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ವಸ್ತುವಾಗುಳ್ಳ ಜಪಾನೀ ಚಿತ್ರಪ್ರಕಾರವನ್ನು ‘ಶೋಮಿನ್-ಗೆಕಿ’ ಎನ್ನುತ್ತಾರೆ. ಯಾಸುಜಿರೊ ಒಜು, ಮಿಕಿಯೊ ನರುಸೆ, ಹೈನೊಸುಕೆ ಗೊಶೊ ಈ ಪ್ರಕಾರದ ಪ್ರಮುಖರು. ಪ್ರಸ್ತುತ ಚಿತ್ರವನ್ನು ವಸ್ತುವಿನ ದೃಷ್ಟಿಯಿಂದ ಇದಕ್ಕೆ ಸೇರಿಸಬಹುದಾದರೂ ಶೋಮಿನ್-ಗೆಕಿಯ ಸಂಯಮದ ನಿರೂಪಣೆಗೆ ಬದಲಾಗಿ ಇಲ್ಲಿ ತೀವ್ರ ಭಾವಾವೇಶವಿದೆ. ಅಮೆರಿಕದ ಫ್ರಾಂಕ್ ಕಾಪ್ರಾನ ಚಿತ್ರಗಳ ಆಶಾವಾದವನ್ನು ಇದರಲ್ಲಿ ಗುರುತಿಸುವವರಿದ್ದಾರೆ.

ಯುವಪ್ರೇಮ ಮತ್ತು ಬಡತನವನ್ನು ಒಟ್ಟಿಗೆ ನಿರ್ವಹಿಸಿ ಭರವಸೆಯಲ್ಲಿ ಮುಗಿಯುವ ಚಿತ್ರಗಳು ಹಲವು ದೇಶಗಳಲ್ಲಿವೆ. ಮೂಕಿ ಯುಗದಲ್ಲಿ ಫ್ರಾಂಕ್ ಬೋರ್ಜೇಗಿಯ ‘ಸೆವೆಂತ್ ಹೆವನ್’ (1927) ಪ್ಯಾರಿಸಿನ ಚರಂಡಿ ಕೆಲಸಗಾರ ಮತ್ತು ಬೀದಿಪಾಲಾದ ಯುವತಿಯ ಪ್ರೇಮವನ್ನು ನಿರೂಪಿಸಿತು. ಇದರ ನಟಿ ಜಾನೆಟ್ ಗೇನರ್ ಅತ್ಯುತ್ತಮ ನಟಿಗೆ ಕೊಡುವ ಆಸ್ಕರ್ ಪ್ರಶಸ್ತಿಯನ್ನು ಪಡೆದವರಲ್ಲಿ ಮೊದಲಿಗಳು. ಚಾರ್ಲಿ ಚಾಪ್ಲಿನ್‌ನ ‘ಸಿಟಿ ಲೈಟ್ಸ್’ (1931) ಅಲೆಮಾರಿ ಮತ್ತು ಅಂಧ ಹೂವಾಡಗಿತ್ತಿಯ ಕಥೆ. 1947ರಲ್ಲೇ ಫ್ರಾನ್ಸಿನಲ್ಲಿ ಜಾಕ್ ಬೆಕರ್ ನಿರ್ದೇಶಿಸಿದ ‘ಆಂತ್ವಾನ್ ಎ ಆಂತ್ವಾನೆತ್’, ದುಡಿಯುವ ವರ್ಗದ ಯುವ ದಂಪತಿ ಮತ್ತು ಕಳೆದುಹೋದ ಲಾಟರಿ ಟಿಕೆಟಿನ ಸುತ್ತ ಹೆಣೆದುದು. ಇಟಲಿಯ ರೆನಾತೊ ಕಾಸ್ಟೆಲಾನಿಯ ‘ಟು ಸೆಂಟ್ಸ್ ವರ್ತ್ ಆಫ್ ಹೋಪ್’ 1952ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಹಿಂದಿಯ ‘ಶ್ರೀ 420’ (1955), ಮುಂಬಯಿಯ ಕೊಳೆಗೇರಿಯ ಹಿನ್ನೆಲೆಯ ‘ಸ್ಲಮ್‌ಡಾಗ್ ಮಿಲಿಯನೇರ್’ (2008) ಇದೇ ವಸ್ತುವಿನ ಬೇರೆ ಬಗೆಯ ನಿರ್ವಹಣೆಗಳು. ಇವುಗಳಲ್ಲಿ ಹಲವು ಚಿತ್ರಗಳ ಮುಕ್ತಾಯಕ್ಕೆ ಅದೃಷ್ಟ, ದಾನ ಅಥವಾ ಬಹುಮಾನ ಕಾರಣವಾಗುತ್ತದೆ. ಕುರೊಸಾವಾನ ಪ್ರೇಮಿಗಳಿಗೆ ಹೊರಗಿನಿಂದ ಏನೂ ದೊರೆಯುವುದಿಲ್ಲ.

ಬೀದಿಯ ಚಿತ್ರೀಕರಣ ಮತ್ತು ಬಡವರ ವಸ್ತುವಿನಿಂದಾಗಿ ಇದನ್ನು ಇಟಲಿಯ ನವವಾಸ್ತವವಾದದೊಂದಿಗೆ ಹೋಲಿಸುವುದುಂಟು. ಆ ಪಂಥದ ಹೆಸರಾಂತ ಕೃತಿ, ವಿತ್ತೋರಿಯೊ ದೆ ಸಿಕಾನ ‘ಬೈಸಿಕಲ್ ಥೀವ್ಸ್’ (1948), ಇದರ ಮರುವರ್ಷ ಬಂದುದು. ಸೋತ ಎರಡು ದೇಶಗಳ ಹೋಲುವ ಪರಿಸ್ಥಿತಿ ಈ ಸಾಮ್ಯವನ್ನು ವಿವರಿಸುತ್ತದೆ.

ಬಿಡುಗಡೆ ಮತ್ತು ಸ್ವೀಕಾರ

ಚಿತ್ರ 1947ರ ಬೇಸಗೆಯಲ್ಲಿ ಜಪಾನಿನಲ್ಲಿ ತೆರೆ ಕಂಡಿತು. ಆ ವರ್ಷದ ಮೈನಿಚಿ ಚಲನಚಿತ್ರ ಪ್ರಶಸ್ತಿಗಳಲ್ಲಿ ಕುರೊಸಾವಾಗೆ ಅತ್ಯುತ್ತಮ ನಿರ್ದೇಶಕ, ಉಯೆಕುಸಾಗೆ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಗಳು ಸಂದವು. ಚಿತ್ರವನ್ನು ನೋಡಿದ ಅವರ ಹಳೆಯ ಉಪಾಧ್ಯಾಯ ತಾಚಿಕಾವಾ ಇಬ್ಬರು ಶಿಷ್ಯರ ಹೆಸರುಗಳನ್ನೂ ತೆರೆಯ ಮೇಲೆ ಗುರುತಿಸಿ ಪತ್ರ ಬರೆದುದನ್ನು ಕುರೊಸಾವಾ ತನ್ನ ಆತ್ಮಕಥನದಲ್ಲಿ ಉಲ್ಲೇಖಿಸಿದ್ದಾನೆ.

ಕುರೊಸಾವಾಗೆ ವಿಶ್ವಖ್ಯಾತಿ ದೊರೆತುದು ‘ರಾಶೊಮೊನ್’ (1950) 1951ರ ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಪ್ರಶಸ್ತಿ ಪಡೆದ ಮೇಲೆ. ಆತನ ಯುದ್ಧಾನಂತರದ ಆರಂಭದ ಚಿತ್ರಗಳು ಹೊರದೇಶಗಳಿಗೆ ತಲುಪಿದುದು ತಡವಾಗಿ. ಪಶ್ಚಿಮದಲ್ಲಿ ಕುರೊಸಾವಾ ಅಧ್ಯಯನಕ್ಕೆ ಅಡಿಪಾಯ ಹಾಕಿದ ಡೊನಾಲ್ಡ್ ರಿಚಿ 1965ರ ತನ್ನ ಗ್ರಂಥದಲ್ಲಿ ಈ ಚಿತ್ರವನ್ನೂ ಚರ್ಚಿಸಿದ್ದಾನೆ.

ಕುರೊಸಾವಾನ ಕೃತಿಗಳಲ್ಲಿ ಸ್ಥಾನ

ಈ ಚಿತ್ರ ಕುರೊಸಾವಾನ ಸಮಕಾಲೀನ ಟೋಕಿಯೊ ಚಿತ್ರಗಳ ಸರಣಿಗೆ ಆರಂಭ. ‘ಡ್ರಂಕನ್ ಏಂಜೆಲ್’ (1948) ಮತ್ತು ‘ಸ್ಟ್ರೇ ಡಾಗ್’ (1949) ಇದರ ಬೆನ್ನಿಗೆ ಬಂದವು. ಹಿಂದಿರುಗಿದ ಇಬ್ಬರು ಸೈನಿಕರು ಹಿಡಿಯುವ ಎರಡು ದಾರಿಗಳ ಹೋಲಿಕೆ ‘ಸ್ಟ್ರೇ ಡಾಗ್’ನಲ್ಲಿ ಪೊಲೀಸ್ ಮತ್ತು ಅಪರಾಧಿಯ ರೂಪದಲ್ಲಿ ಬೆಳೆಯಿತು. ರಾತ್ರಿಯ ಉಯ್ಯಾಲೆ ‘ಇಕಿರು’ (1952) ಚಿತ್ರದ ಪ್ರಸಿದ್ಧ ದೃಶ್ಯದಲ್ಲಿ ಮತ್ತೆ ಬಂದಿದೆ. ಹಾಳುಬಿದ್ದ ಜಾಗದಲ್ಲಿ ಇಲ್ಲದ ಅಂಗಡಿಯನ್ನು ಕಟ್ಟುವ ಕಲ್ಪನೆ, ‘ದೊದೆಸುಕಾದೆನ್’ (1970) ಚಿತ್ರದಲ್ಲಿ ಭಿಕ್ಷುಕ ತಂದೆ-ಮಗ ಮನಸ್ಸಿನಲ್ಲೇ ಮನೆ ಕಟ್ಟುವ ಪ್ರಸಂಗವಾಗಿದೆ. ಆದರೆ ಅಲ್ಲಿ ಕಲ್ಪನೆ ಮಗುವಿನ ಸಾವಿನಲ್ಲಿ ಮುಗಿಯುತ್ತದೆ. 1947ರ ಆಶಾವಾದವನ್ನು ಕುರೊಸಾವಾ ಮುಂದಿ‌ನ ದಶಕಗಳಲ್ಲಿ ಹಾಗೆಯೇ ಉಳಿಸಿಕೊಳ್ಳಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಂದಿನ ಸ್ಥಿತಿ

ಚಿತ್ರದ ಹಕ್ಕು ಹೊಂದಿರುವ ತೋಹೊ ಇದನ್ನು ಜಪಾನಿನಲ್ಲಿ ಡಿವಿಡಿ ರೂಪದಲ್ಲಿ ಹೊರತಂದಿದೆ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2008ರಲ್ಲಿ ತನ್ನ ಎಕ್ಲಿಪ್ಸ್ ಮಾಲೆಯ ‘ಪೋಸ್ಟ್‌ವಾರ್ ಕುರೊಸಾವಾ’ ಎಂಬ ಡಿವಿಡಿ ಸಂಪುಟದಲ್ಲಿ ಇದನ್ನು ಇತರ ನಾಲ್ಕು ಚಿತ್ರಗಳೊಂದಿಗೆ ಪ್ರಕಟಿಸಿತು. ನಿರ್ದೇಶಕನ ಚಿತ್ರಗಳ ಪುನರವಲೋಕನಗಳಲ್ಲಿ ಇದು ಪ್ರದರ್ಶಿತವಾಗುತ್ತದೆ. ‘ರಾಶೊಮೊನ್’, ‘ಸೆವೆನ್ ಸಮುರಾಯ್’ಗಳಷ್ಟು ಪ್ರಸಿದ್ಧಿ ಇದಕ್ಕಿಲ್ಲ.

ಅಧ್ಯಯನದಲ್ಲಿ ಇದರ ಬಳಕೆ ಮೂರು ಬಗೆಯದು. 1947ರ ಟೋಕಿಯೊದ ಬೀದಿ, ನಿಲ್ದಾಣ, ಪಾಳುಜಾಗಗಳ ದೃಶ್ಯದಾಖಲೆಯಾಗಿ ಇತಿಹಾಸಕಾರರು ಇದನ್ನು ಬಳಸುತ್ತಾರೆ. ಆಕ್ರಮಿತ ಜಪಾನಿನ ಸೆನ್ಸಾರ್ ನೀತಿಯ ಅಧ್ಯಯನದಲ್ಲಿ, ಏನನ್ನು ತೋರಿಸಲಾಗಿದೆ ಮತ್ತು ಏನನ್ನು ಬಿಡಲಾಗಿದೆ ಎಂಬ ಪ್ರಶ್ನೆಗೆ ಇದು ಆಕರ. ಪಾತ್ರ ಪ್ರೇಕ್ಷಕರನ್ನು ನೇರವಾಗಿ ಸಂಬೋಧಿಸುವ ತಂತ್ರಕ್ಕೆ ಚಲನಚಿತ್ರ ಶಾಸ್ತ್ರದಲ್ಲಿ ಇದೊಂದು ಉದಾಹರಣೆ. ತುಂಬಿದ ಚಿತ್ರಮಂದಿರವನ್ನು ಉದ್ದೇಶಿಸಿ ರೂಪಿಸಿದ ಚಪ್ಪಾಳೆಯ ದೃಶ್ಯವನ್ನು ಈಗ ಹೆಚ್ಚಿನವರು ನೋಡುವುದು ಮನೆಯ ಪರದೆಯ ಮೇಲೆ. ಆದುದರಿಂದ ನಿರ್ದೇಶಕ ಬಯಸಿದ ಸಾಮೂಹಿಕ ಪ್ರತಿಕ್ರಿಯೆಗೆ ಅವಕಾಶವಿರುವುದು ಸಾರ್ವಜನಿಕ ಪ್ರದರ್ಶನಗಳಲ್ಲಿ ಮಾತ್ರ.